ಹುಬ್ಬುಗಂಟಿಗೆ ಕೊಟೇಶನ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಪರ್ಚೇಸ್ ಮ್ಯಾನೇಜರ್. ಬೋಲ್ಟು, ಬೇರಿಂಗು, ಕಟಿಂಗ್ ಆಯಿಲ್ಲು, ಏನೇ ಕೊಳ್ಳಬೇಕಾದರೂ ನಾಲ್ಕು ಕಡೆ ಕೊಟೇಶನ್ ತರಿಸಿ, ಎಲ್ಲರ ರೇಟ್ ಪಕ್ಕಪಕ್ಕ ಇಟ್ಟು ನೋಡುವ ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಹಾಕಿ, ಆಮೇಲೆ ಆರ್ಡರ್ ಕೊಡುವುದು ನನ್ನ ಕೆಲಸ. ಹಣೆಗೆ ಬೊಟಾಕ್ಸ್, ಅಂದರೆ ಸುಕ್ಕು ಸಡಿಲಿಸುವ ಸೂಜಿ, ಹಾಕಿಸಿಕೊಳ್ಳೋಣ ಅಂತ ಮನಸ್ಸಾದಾಗಲೂ ಅದೇ ಚಾಳಿ ಬಿಡಲಿಲ್ಲ. ಒಂದೇ ಹಣೆಗೆ ಬೆಂಗಳೂರಿನಲ್ಲಿ 5 ಸಾವಿರದಿಂದ ಹಿಡಿದು 29 ಸಾವಿರದ ಹತ್ತಿರದವರೆಗೆ ರೇಟ್ ಹೇಳಿದರು. ಇಷ್ಟು ವ್ಯತ್ಯಾಸ ಯಾಕೆ ಅಂತ ತಿಳಿಯುವ ಹೊತ್ತಿಗೆ ಬೇರಿಂಗ್ ಕೊಳ್ಳುವುದೇ ಸುಲಭ ಅನಿಸಿತ್ತು.

ಯಾಕೆ ಬೇಕಿತ್ತು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ 48. ಎರಡು ಹುಬ್ಬಿನ ನಡುವೆ ಎರಡು ಉದ್ದ ಗೆರೆ. ಸುಮ್ನೆ ಕೂತಿದ್ದರೂ ಹುಬ್ಬುಗಂಟಿಕ್ಕಿಕೊಂಡ ಹಾಗೇ ಕಾಣುತ್ತೇನೆ. ಸಪ್ಲೈಯರ್‌ಗಳ ಹತ್ತಿರ ಚೌಕಾಸಿ ಮಾಡುವಾಗ ಇದರಿಂದ ಲಾಭವೇ ಆಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ವಿಡಿಯೋ ಮೀಟಿಂಗ್ ಜಾಸ್ತಿ ಆದ ಮೇಲೆ ದಿನವೂ ಗಂಟೆಗಟ್ಟಲೆ ನನ್ನ ಮುಖವನ್ನು ನಾನೇ ನೋಡಬೇಕಾಯಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೀಟಿಂಗ್ ಮುಗಿದ ಮೇಲೆ ಫೋನ್ ಮಾಡಿ, "ಸರ್, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂತ ಕೇಳಿದಳು. ನಾನು ಅವಳ ರಿಪೋರ್ಟ್ ಚೆನ್ನಾಗಿದೆ ಅಂದುಕೊಳ್ಳುತ್ತಾ ಕೂತಿದ್ದೆ.

ಹೆಂಡತಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಮಾಡಿಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಆಫರ್ ನೋಡ್ಕೊಂಡು ಹೋಗ್ಬೇಡಿ ರೀ, ಮುಖ ಅದು" ಅಂದಳು. ಆಮೇಲೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಒಂದು ಮಾತಿಗೆ ಬೆಲೆ ಜಾಸ್ತಿ ಇತ್ತು.

ಔಷಧ ಏನು ಅಂತ ಎರಡೇ ಮಾತು. ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ವಿಷವನ್ನು ಶುದ್ಧಮಾಡಿ, ತೀರಾ ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚುತ್ತಾರೆ. ನರ ಸ್ನಾಯುವಿಗೆ ಕಳಿಸುವ ಸೂಚನೆ ಅಲ್ಲಿ ತಡೆಯುತ್ತದೆ. ಸ್ನಾಯು ಬಿಗಿಯುವುದು ಬಿಡುತ್ತದೆ, ಮೇಲಿನ ಚರ್ಮ ಮಡಚುವುದು ನಿಲ್ಲುತ್ತದೆ. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆ ತಾನಾಗೇ ಮುಚ್ಚಿಕೊಳ್ಳುವ ಕಾಯಿಲೆಗೆ. ಕೆನಡಾದ ಕ್ಯಾರುದರ್ಸ್ ದಂಪತಿಯಲ್ಲಿ ಹೆಂಡತಿ ಕಣ್ಣಿನ ಡಾಕ್ಟರ್, ಗಂಡ ಚರ್ಮದ ಡಾಕ್ಟರ್. ರೆಪ್ಪೆಗೆ ಸೂಜಿ ಹಾಕಿಸಿಕೊಂಡವರ ಹುಬ್ಬುಗಂಟೂ ಸಡಿಲವಾಗುವುದು ಆಕೆಯ ಕಣ್ಣಿಗೆ ಬಿತ್ತು. 1992ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೇ ಅಂತ ಒಪ್ಪಿಗೆ ಬಂದದ್ದು 2002ರಲ್ಲಿ.

ಈಗ ಕೊಟೇಶನ್‌ಗಳ ಕಥೆ.

ಮೊದಲು ಮನೆ ಹತ್ತಿರದ ಪಾರ್ಲರ್ ಬೋರ್ಡ್ ನೋಡಿ ವಿಚಾರಿಸಿದೆ. ಅಲ್ಲಿ 3,500 ರೂಪಾಯಿಗೆ ಬೊಟಾಕ್ಸ್ ಅಂತ ಬರೆದಿತ್ತು. ಕೇಳಿದರೆ ಅದು ಕೂದಲಿಗೆ! ಹೇರ್ ಬೊಟಾಕ್ಸ್ ಅನ್ನುವುದರಲ್ಲಿ ಈ ಔಷಧದ ಒಂದು ಹನಿಯೂ ಇರುವುದಿಲ್ಲ. ಅದು ಕೂದಲಿಗೆ ಹಚ್ಚುವ ಕಂಡೀಷನಿಂಗ್ ಅಷ್ಟೆ. ಅದನ್ನು ಲೆಕ್ಕದಿಂದ ಬಿಟ್ಟೆ.

ಜಯನಗರದ ಒಂದು ಚೈನ್ ಕ್ಲಿನಿಕ್‌ನಲ್ಲಿ ಏರಿಯಾ ಲೆಕ್ಕ. ಹಣೆ ಒಂದು ಏರಿಯಾ, ಹುಬ್ಬಿನ ನಡುವೆ ಒಂದು, ಕಣ್ಣಿನ ಪಕ್ಕ ಒಂದು. ಒಂದಕ್ಕೆ 7,000, ಮೂರಕ್ಕೆ 18,000. ಜಿಎಸ್‌ಟಿ ಬೇರೆ. ಮಾತಾಡಿದ್ದು ಡಾಕ್ಟರ್ ಅಲ್ಲ, ಕೌನ್ಸೆಲರ್. "ಎಷ್ಟು ಯೂನಿಟ್ ಹಾಕ್ತೀರಿ?" ಅಂತ ಕೇಳಿದೆ. "ಅದು ಡಾಕ್ಟರ್ ಡಿಸೈಡ್ ಮಾಡ್ತಾರೆ ಸರ್, ನೀವು ಟೆನ್ಷನ್ ತಗೋಬೇಡಿ" ಅಂದರು. ನಾನು ಟೆನ್ಷನ್ ತಗೊಳ್ಳುವುದಕ್ಕೇ ಸಂಬಳ ಪಡೆಯುವವನು. ಮದುವೆ ಊಟಕ್ಕೆ ಪ್ಲೇಟ್ ಇಷ್ಟು ಅಂತ ಹೇಳಿ, ಎಲೆ ಮೇಲೆ ಏನೇನು ಬೀಳುತ್ತದೆ ಅಂತ ಹೇಳದಿದ್ದರೆ ಯಾರಾದರೂ ಅಡ್ವಾನ್ಸ್ ಕೊಡುತ್ತಾರಾ?

ಇಲ್ಲಿ ಯೂನಿಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲ ಲೆಕ್ಕವೂ ನಿಂತಿರುವುದು ಅದರ ಮೇಲೆ. ಯೂನಿಟ್ ಅಂದರೆ ಔಷಧದ ಶಕ್ತಿಯನ್ನು ಅಳೆಯುವ ಮಾಪ. ಬೊಟಾಕ್ಸ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್. ಆ ಬ್ರ್ಯಾಂಡ್‌ನ ಲೇಬಲ್ ಪ್ರಕಾರ ಹುಬ್ಬಿನ ನಡುವಿಗೆ 20 ಯೂನಿಟ್, ಐದು ಕಡೆ ನಾಲ್ಕು ನಾಲ್ಕು. ಹಣೆಯ ಅಡ್ಡಗೆರೆಗಳಿಗೆ 20. ಎರಡೂ ಕಣ್ಣಿನ ಪಕ್ಕಕ್ಕೆ ಒಟ್ಟು 24. ಮೂರೂ ಸೇರಿ 64. ಇದು ಲೇಬಲ್ ಮಾತು. ಡಾಕ್ಟರ್‌ಗಳು ಮುಖ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ. ಗಂಡಸರ ಸ್ನಾಯು ಸಾಮಾನ್ಯವಾಗಿ ದಪ್ಪ, ಹಾಗಾಗಿ ಯೂನಿಟ್ ಜಾಸ್ತಿ ಬೇಕು. ಅಂದರೆ ನನ್ನ ನಾದಿನಿ ಕೊಟ್ಟ ಬಿಲ್ಲು ನೋಡಿ ನನ್ನ ಖರ್ಚು ಅಂದಾಜು ಮಾಡಿದರೆ ತಪ್ಪುತ್ತದೆ. ಏರಿಯಾ ಲೆಕ್ಕದಲ್ಲಿ ಕ್ಲಿನಿಕ್‌ನವರು 20ರ ಬದಲು 12 ಹಾಕಿದರೂ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎರಡು ತಿಂಗಳಿಗೇ ಗೆರೆ ವಾಪಸ್ ಬಂದಾಗ.

ಕೋರಮಂಗಲದ ಕ್ಲಿನಿಕ್ ಒಂದರಲ್ಲಿ ಯೂನಿಟ್‌ಗೆ 140 ರೂಪಾಯಿ ಅಂದರು. ಆಹಾ, ಎಲ್ಒನ್, ಅಂದರೆ ಎಲ್ಲರಿಗಿಂತ ಕಡಿಮೆ ರೇಟಿನವರು, ಸಿಕ್ಕರು ಅಂತ ಫೋನ್ ಇಡುವ ಮುಂಚೆ ಅಭ್ಯಾಸಬಲದಿಂದ "ಬ್ರ್ಯಾಂಡ್ ಯಾವುದು?" ಅಂದೆ. ಡಿಸ್‌ಪೋರ್ಟ್ ಅಂದರು. ಒಳ್ಳೆಯ ಔಷಧವೇ, ಅಮೆರಿಕದಲ್ಲಿ 2009ರಿಂದ ಒಪ್ಪಿಗೆ ಇದೆ. ಆದರೆ ಅದರ ಯೂನಿಟ್ ಬೇರೆ, ಬೊಟಾಕ್ಸ್ ಯೂನಿಟ್ ಬೇರೆ. ಹುಬ್ಬಿನ ನಡುವಿಗೆ ಬೊಟಾಕ್ಸ್ 20 ಆದರೆ ಡಿಸ್‌ಪೋರ್ಟ್ ಲೇಬಲ್ ಪ್ರಕಾರ 50. ಈಗ ಗುಣಿಸಿ ನೋಡಿ. 50 ಯೂನಿಟ್, ತಲಾ 140, ಒಟ್ಟು 7,000. ಬೇರೊಂದು ಕಡೆ ಬೊಟಾಕ್ಸ್ ಯೂನಿಟ್‌ಗೆ 350 ಅಂದಿದ್ದರು. 20 ಯೂನಿಟ್‌ಗೆ ಅದೂ 7,000! ರೇಟ್ ಅರ್ಧಕ್ಕಿಂತ ಕಮ್ಮಿ, ಮೊತ್ತ ಮಾತ್ರ ರೂಪಾಯಿಯೂ ಆಚೀಚೆ ಇಲ್ಲ. ಬ್ರ್ಯಾಂಡ್ ಹೇಳದೆ ಯೂನಿಟ್ ರೇಟ್ ಮಾತ್ರ ಹೇಳಿದರೆ ಅದು ರೇಟೇ ಅಲ್ಲ ಅಂತ ಅವತ್ತೇ ನನ್ನ ಸ್ಟೇಟ್‌ಮೆಂಟ್‌ನಲ್ಲಿ ಒಂದು ಕಾಲಂ ಜಾಸ್ತಿ ಮಾಡಿದೆ. ಜರ್ಮನಿಯ ಜಿಯೋಮಿನ್ ಇದೆ, ಕೊರಿಯಾದ ಬ್ರ್ಯಾಂಡ್‌ಗಳಿವೆ. ಒಂದೊಂದಕ್ಕೂ ಒಂದೊಂದು ಬೆಲೆ.

ಇಂದಿರಾನಗರದಲ್ಲಿ ಹೆಸರಾಂತ ಕಡೆ ಯೂನಿಟ್‌ಗೆ 450. 64 ಯೂನಿಟ್ ಅಂತ ಅವರೇ ಅಂದಾಜು ಕೊಟ್ಟರು, 28,800. ಕಾಯುವ ಕೋಣೆಯಲ್ಲಿ ನಿಂಬೆಹಣ್ಣಿನ ಹೋಳು ತೇಲುವ ನೀರು, ಗೋಡೆ ತುಂಬಾ ಕನ್ನಡಿ, ಒಳಗೆ ಸಾಲಾಗಿ ಲೇಸರ್ ಮಷಿನ್‌ಗಳು. ಆ ರಸ್ತೆಯ ಬಾಡಿಗೆ, ಆ ಮಷಿನ್‌ಗಳ ಕಂತು, ಎರಡೂ ಯಾರಾದರೂ ಕಟ್ಟಲೇಬೇಕು. ಆದರೆ ಒಂದು ಮಾತು ಒಪ್ಪಬೇಕು. ಅಲ್ಲಿ ಸೂಜಿ ಹಾಕುವುದು ಯಾರು, ಅವರ ಓದೇನು, ಎಷ್ಟು ಯೂನಿಟ್, ಯಾವ ಬ್ರ್ಯಾಂಡ್, ಎರಡು ವಾರದ ಮೇಲೆ ನೋಡುವುದಕ್ಕೆ ಬೇರೆ ದುಡ್ಡು ಇದೆಯಾ ಇಲ್ಲವಾ, ಎಲ್ಲವನ್ನೂ ಕೇಳದೇ ಹೇಳಿದರು. ದುಬಾರಿ, ಆದರೆ ಪೂರ್ತಿ ಕೊಟೇಶನ್.

5 ಸಾವಿರದ್ದು ಯಾವುದು ಅಂತೀರಾ? ವಾಟ್ಸಾಪ್‌ನಲ್ಲಿ ಬಂದದ್ದು. ಮನೆಗೇ ಬಂದು ಪೂರ್ತಿ ಮುಖಕ್ಕೆ ಹಾಕಿಕೊಡುತ್ತಾರಂತೆ. ಡಾಕ್ಟರಾ ಅಂತ ಕೇಳಿದ್ದಕ್ಕೆ "ಟ್ರೈನ್ಡ್ ಎಕ್ಸ್‌ಪರ್ಟ್" ಅಂತ ಉತ್ತರ. ವಯಲ್, ಅಂದರೆ ಔಷಧದ ಪುಟ್ಟ ಸೀಸೆ, ಅದರ ಮೇಲಿನ ಬ್ಯಾಚ್ ನಂಬರ್ ಫೋಟೋ ಕಳಿಸಿ ಅಂದೆ, ಆ ನಂಬರಿನಿಂದ ಮತ್ತೆ ಮೆಸೇಜ್ ಬರಲಿಲ್ಲ. ಇದು ಸುಮ್ನೆ ಅನುಮಾನದ ಮಾತಲ್ಲ. 2024ರಲ್ಲಿ ಅಮೆರಿಕದಲ್ಲೇ ನಕಲಿ ಬೊಟಾಕ್ಸ್‌ನಿಂದಾಗಿ, ಲೈಸೆನ್ಸ್ ಇಲ್ಲದವರ ಕೈಯಲ್ಲಿ ಸೂಜಿ ಹಾಕಿಸಿಕೊಂಡು ಹಲವಾರು ರಾಜ್ಯಗಳಲ್ಲಿ ಜನ ಆಸ್ಪತ್ರೆ ಸೇರಿದರು. ಈ ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬ್ಯಾಗ್‌ನಲ್ಲಿ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬರುವವರ ಹತ್ತಿರ ಅದರ ಗತಿ ಏನಾಗಿರುತ್ತದೆ ಅಂತ ಯೋಚಿಸಿ.

ಕೊನೆಗೆ ನಾನು ಹೋದದ್ದು ಮಲ್ಲೇಶ್ವರದ ಒಬ್ಬ ಚರ್ಮರೋಗ ವೈದ್ಯೆಯ ಹತ್ತಿರ. ಹಳೇ ಮನೆಯ ಕೆಳಗಿನ ಭಾಗ ಕ್ಲಿನಿಕ್. ಅರ್ಧ ಜನ ಮೊಡವೆಗೆ, ಇನ್ನರ್ಧ ಜನ ಹುಳುಕಡ್ಡಿಗೆ ಬಂದವರು. ಗೋಡೆ ಮೇಲೆ ಅವರ ಎಂಡಿ ಸರ್ಟಿಫಿಕೇಟ್, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ನಂಬರ್, ಪಕ್ಕದಲ್ಲಿ ಕೆಪಿಎಂಇ ನೋಂದಣಿ. ಖಾಸಗಿ ಕ್ಲಿನಿಕ್ ನಡೆಸಲು ನಮ್ಮ ರಾಜ್ಯದಲ್ಲಿ ಆ ನೋಂದಣಿ ಕಡ್ಡಾಯ. ರೇಟ್‌ಗಳನ್ನೂ ತೂಗುಹಾಕಿದ್ದರು. ಯೂನಿಟ್‌ಗೆ 350, ಮೇಲೆ ಜಿಎಸ್‌ಟಿ. ಮೊದಲ ಸಲ ನೋಡುವುದಕ್ಕೆ 800.

ಆ 800ಕ್ಕೆ ಏನು ಸಿಕ್ಕಿತು ಅಂತ ಹೇಳಬೇಕು. ಕುರ್ಚಿಯಲ್ಲಿ ಕೂರಿಸಿ, ಲೈಟ್ ಹಾಕಿ, "ಕೋಪ ಮಾಡ್ಕೊಳ್ಳಿ" ಅಂದರು. ಅದು ನನಗೆ ಸುಲಭ. "ಈಗ ಆಶ್ಚರ್ಯ ಆದ ಹಾಗೆ ಹುಬ್ಬು ಏರಿಸಿ. ಈಗ ಜೋರಾಗಿ ನಗಿ." ಒಂದೊಂದಕ್ಕೂ ಫೋಟೋ ತೆಗೆದರು. ಆಮೇಲೆ ಮುಖ ಸಡಿಲ ಬಿಡಿ ಅಂದು ಮತ್ತೆ ನೋಡಿದರು. ಮುಖ ಆಡಿಸಿದಾಗ ಮಾತ್ರ ಬರುವ ಗೆರೆಗೆ ಈ ಸೂಜಿ ಚೆನ್ನಾಗಿ ಕೆಲಸ ಮಾಡುತ್ತದಂತೆ. ಸುಮ್ಮನಿದ್ದಾಗಲೂ ಇರುವ ಆಳದ ಗೆರೆ ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಅಳಿಸಿಹೋಗುವುದಿಲ್ಲ. ನನ್ನ ಎರಡು ಗೆರೆಯಲ್ಲಿ ಎಡಗಡೆಯದು ಹೋಗಲ್ಲ ಅಂತ ಮೊದಲೇ ಹೇಳಿಬಿಟ್ಟರು. ಬೇರೆಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ನರದ ಕಾಯಿಲೆ ಏನಾದರೂ ಇದೆಯಾ, ಸ್ನಾಯು ಬಲ ಕುಂದಿಸುವ ಮಯಸ್ತೇನಿಯಾ ಅಂತ ಯಾರಾದರೂ ಹೇಳಿದ್ದಾರಾ, ಈಚೆಗೆ ಆಂಟಿಬಯಾಟಿಕ್ ಇಂಜೆಕ್ಷನ್ ತಗೊಂಡಿದ್ದೀರಾ, ರಕ್ತ ತೆಳುವಾಗುವ ಮಾತ್ರೆ ಇದೆಯಾ, ಇಷ್ಟೂ ಕೇಳಿದರು. ಹೆಣ್ಣುಮಕ್ಕಳಾದರೆ ಬಸುರಿಯಾ, ಮಗುವಿಗೆ ಹಾಲು ಕೊಡುತ್ತಿದ್ದಾರಾ ಅಂತ ಕೇಳುತ್ತಾರೆ. ಆ ಸಮಯದಲ್ಲಿ ಇದನ್ನು ಹಾಕುವುದಿಲ್ಲ.

ಆಮೇಲೆ ಲೆಕ್ಕ. ಹುಬ್ಬಿನ ನಡುವೆ 26 ಯೂನಿಟ್, ನನ್ನ ಸ್ನಾಯು ಬಲವಾಗಿದೆಯಂತೆ. ಹಣೆಗೆ 20 ಅಲ್ಲ, ಬರೀ 12. "ಯಾಕೆ ಮೇಡಂ ಕಡಿಮೆ?" ಅಂದೆ. ಹುಬ್ಬನ್ನು ಮೇಲಕ್ಕೆ ಎತ್ತಿ ಹಿಡಿದಿರುವುದು ಹಣೆಯ ಆ ಸ್ನಾಯುವೇ. ವಯಸ್ಸಾದಂತೆ ರೆಪ್ಪೆ ಸ್ವಲ್ಪ ಜೋತುಬಿದ್ದಿರುತ್ತದೆ, ನಾವು ಗೊತ್ತಿಲ್ಲದೇ ಹಣೆಯಿಂದ ಅದನ್ನು ಎತ್ತಿಕೊಂಡು ಓಡಾಡುತ್ತಿರುತ್ತೇವೆ. ಹಣೆಯನ್ನು ಪೂರ್ತಿ ಮಲಗಿಸಿದರೆ ಹುಬ್ಬು ಕಣ್ಣಿನ ಮೇಲೆ ಕೂರುತ್ತದೆ. "ಆಗ ಗೆರೆ ಇರಲ್ಲ, ಆದ್ರೆ ನಿದ್ದೆಗಣ್ಣಲ್ಲಿ ಇರೋ ಹಾಗೆ ಕಾಣ್ತೀರಿ" ಅಂದರು. ಕಣ್ಣಿನ ಪಕ್ಕದ ಗೆರೆ? "ನಗುವಾಗ ಬರೋ ಗೆರೆ ಅದು, ನಿಮ್ಮ ತೊಂದರೆ ಅದಲ್ವಲ್ಲ. ಬಿಡಿ." ಹೀಗೆ 64ರ ಅಂದಾಜು 38ಕ್ಕೆ ಇಳಿಯಿತು. ಯೂನಿಟ್ ರೇಟ್‌ನಲ್ಲಿ ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ.

ನನ್ನ ಕಾರ್ಖಾನೆಯಲ್ಲಿ ಯಾವ ಸಪ್ಲೈಯರೂ ನನಗೆ ಕಡಿಮೆ ಮಾಲು ಸಾಕು ಅಂತ ಹೇಳಿದ್ದು ನೆನಪಿಲ್ಲ.

ಹಾಕಿಸಿಕೊಳ್ಳುವ ದಿನ ಮೆಟ್ರೋದಲ್ಲಿ ಹೋದೆ. ಪೀಣ್ಯದಿಂದ ಸಂಪಿಗೆ ರಸ್ತೆಗೆ ಹಸಿರು ಮಾರ್ಗದಲ್ಲಿ ನೇರ. ಸ್ಕೂಟರ್ ಬೇಡ ಅಂತ ಅವರೇ ಹೇಳಿದ್ದರು, ಹೆಲ್ಮೆಟ್ ಹಣೆಯನ್ನು ಒತ್ತುತ್ತದೆ. ಕಣ್ಣೆದುರಿಗೇ ವಯಲ್ ತೆಗೆದರು. 50 ಯೂನಿಟ್‌ದು. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ ನೋಡಿಕೊಂಡೆ. ಕೈ ಸುಮ್ಮನಿರಲಿಲ್ಲ, ಫೋಟೋನೂ ತೆಗೆದುಕೊಂಡೆ. ಡಾಕ್ಟರ್ ನಕ್ಕರು, ಬೇಡ ಅನ್ನಲಿಲ್ಲ.

ವಯಲ್ ಒಳಗೆ ನೋಡಿದರೆ ಏನೂ ಇಲ್ಲ ಅನಿಸುತ್ತದೆ. ತಳದಲ್ಲಿ ತೆಳು ಪುಡಿ. ಅದಕ್ಕೆ ಸಲೈನ್ ಸೇರಿಸುತ್ತಾರೆ. 100 ಯೂನಿಟ್‌ಗೆ ಎರಡೂವರೆ ಎಂ.ಎಲ್. ಲೆಕ್ಕ, ಅಂದರೆ 0.1 ಎಂ.ಎಲ್.ನಲ್ಲಿ 4 ಯೂನಿಟ್. ನನ್ನ 50ರ ವಯಲ್‌ಗೆ ಒಂದೂಕಾಲು ಎಂ.ಎಲ್. ಹಾಕಿದರು. ನನ್ನ 38 ಯೂನಿಟ್ ಅಂದರೆ ಒಂದು ಎಂ.ಎಲ್.ಗೂ ಕಡಿಮೆ ನೀರು! ಹೆಚ್ಚು ಸಲೈನ್ ಹಾಕಿದರೆ ಸಿರಿಂಜ್ ತುಂಬಿದ ಹಾಗೆ ಕಾಣುತ್ತದೆ, ಔಷಧ ಹೆಚ್ಚಾಗಿರುವುದಿಲ್ಲ. "ಎರಡು ಸಿರಿಂಜ್ ಹಾಕಿದ್ರು" ಅಂತ ಯಾರಾದರೂ ಹೇಳಿದರೆ ಅದರಿಂದ ಏನೂ ತಿಳಿಯದು.

"ಉಳಿದ 12 ಯೂನಿಟ್ ಏನಾಗುತ್ತೆ ಮೇಡಂ?" ನನ್ನ ಬಾಯಿಂದ ಬರಲೇಬೇಕಾದ ಪ್ರಶ್ನೆ. ಎಸೆಯುತ್ತಾರೆ. ಲೇಬಲ್ ಪ್ರಕಾರ ಒಂದು ವಯಲ್ ಒಬ್ಬರಿಗೇ, ಸಲೈನ್ ಬೆರೆಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು. ಆ 12 ಯೂನಿಟ್‌ನ ನಷ್ಟ ಯಾರದು? 350ರಲ್ಲೇ ಅದೂ ಸೇರಿದೆ ಅಂದರು. ಒಂದು ವಯಲ್ ಅನ್ನು ಹಲವರಿಗೆ ಹಂಚುವ ಕಡೆ ರೇಟ್ ಇಳಿಯುತ್ತದೆ. ಹಬ್ಬದ ಆಫರ್, ವಾರಾಂತ್ಯದ ಬೊಟಾಕ್ಸ್ ಡೇ ಅಂತ ಒಂದೇ ದಿನ ಜನರನ್ನು ಸೇರಿಸುವುದರ ಹಿಂದೆ ಈ ಲೆಕ್ಕವೂ ಇರುತ್ತದೆ ಅಂತ ನನಗನಿಸುತ್ತದೆ. ಸ್ಟಾಕ್ ಕೊಳೆಯದಂತೆ ನೋಡಿಕೊಳ್ಳುವುದು ಯಾವ ವ್ಯಾಪಾರಕ್ಕೂ ತಪ್ಪಿದ್ದಲ್ಲ. ಆದರೆ ಹಂಚುವಾಗ ಅದು ಯಾವಾಗ ಕಲಸಿದ್ದು ಅಂತ ಕೇಳುವ ಹಕ್ಕು ನಮಗಿದೆ.

ಸೂಜಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಬಿಳಿ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟರು, ಐಸ್ ಒತ್ತಿದರು, ಕೂದಲೆಳೆಯಂಥ ಸೂಜಿ. ಹುಬ್ಬಿನ ಹತ್ತಿರ ಚುರುಕ್ ಅಂದಾಗ ಕಣ್ಣಲ್ಲಿ ನೀರು ಬಂತು. ಹತ್ತು ನಿಮಿಷದ ಕೆಲಸ. ಮರಗಟ್ಟಿಸುವ ಕ್ರೀಮ್‌ಗೆ ಜಯನಗರದಲ್ಲಿ 500 ಬೇರೆ ಅಂದಿದ್ದರು. ಇಲ್ಲಿ ಐಸ್‌ಗೆ ದುಡ್ಡಿಲ್ಲ.

ನಾಲ್ಕು ಗಂಟೆ ಮಲಗಬಾರದು, ಬಗ್ಗಬಾರದು, ಹಣೆ ಉಜ್ಜಬಾರದು, ಅವತ್ತು ಜಿಮ್ ಬೇಡ. "ಸಂಜೆ ದೇವಸ್ಥಾನಕ್ಕೆ ಹೋಗ್ಬಹುದಾ?" ಅಂದೆ. "ಹೋಗಿ. ಅಡ್ಡ ಬೀಳ್ಬೇಡಿ, ನಿಂತೇ ಕೈ ಮುಗೀರಿ. ವಿಭೂತಿ ಒತ್ತಿ ಹಚ್ಕೋಬೇಡಿ." ಇಷ್ಟು ನಮ್ಮ ಊರಿನ ಹಾಗೆ ಹೇಳುವ ಡಾಕ್ಟರ್ ಸಿಕ್ಕಿದ್ದಕ್ಕೆ ನನಗೆ ಖುಷಿಯಾಯಿತು.

ಬಿಲ್ಲು ಹೀಗಿತ್ತು. 38 ಯೂನಿಟ್, ತಲಾ 350, ಒಟ್ಟು 13,300. ಶೇ. 18 ಜಿಎಸ್‌ಟಿ 2,394. ಕೊಡಬೇಕಾದದ್ದು 15,694. ಮೊದಲ ದಿನದ 800ಕ್ಕೆ ಜಿಎಸ್‌ಟಿ ಇರಲಿಲ್ಲ. ಕಾಯಿಲೆಗೆ ಡಾಕ್ಟರ್ ಕೊಡುವ ಚಿಕಿತ್ಸೆಗೆ ತೆರಿಗೆ ವಿನಾಯಿತಿ ಇದೆ, ಚೆಂದ ಕಾಣುವುದಕ್ಕೆ ಮಾಡಿಸುವುದಕ್ಕೆ ಇಲ್ಲ. ಇದೇ ಔಷಧವನ್ನು ಬಿಡದೆ ಕಾಡುವ ಮೈಗ್ರೇನ್‌ಗೆ ತಲೆ, ಕುತ್ತಿಗೆಯ 31 ಕಡೆ 155 ಯೂನಿಟ್ ಹಾಕುತ್ತಾರೆ. ಕುತ್ತಿಗೆ ತಾನಾಗೇ ತಿರುಚಿಕೊಳ್ಳುವ ಕಾಯಿಲೆಗೂ ಕೊಡುತ್ತಾರೆ. ಅಲ್ಲಿ ಅದು ಚಿಕಿತ್ಸೆ. ನನ್ನ ಹುಬ್ಬಿಗೆ ಬಂದರೆ ಶೋಕಿ. ಆರೋಗ್ಯ ವಿಮೆಯವರೂ ಸೌಂದರ್ಯದ ಚಿಕಿತ್ಸೆಯನ್ನು ಹೊರಗಿಡುತ್ತಾರೆ. ಕ್ಲೇಮ್ ಬಗ್ಗೆ ಯೋಚಿಸುವುದೇ ಬೇಡ. ಆದ್ದರಿಂದ ಫೋನ್‌ನಲ್ಲಿ ರೇಟ್ ಕೇಳುವಾಗ ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಕೇಳಿ. ಜಯನಗರದ 18,000 ತೆರಿಗೆ ಸೇರಿದರೆ 21,240 ಆಗುತ್ತದೆ.

ಮೊದಲ ಎರಡು ದಿನ ಏನೂ ಇಲ್ಲ. ಹಣೆಯ ಬಲಗಡೆ ಸಾಸಿವೆ ಗಾತ್ರದ ಒಂದು ನೀಲಿ ಕಲೆ, ಅಷ್ಟೆ. ಮೂರನೇ ದಿನ ಹಣೆ ಭಾರ ಅನಿಸಲು ಶುರುವಾಯಿತು, ಟೋಪಿ ಹಾಕಿಕೊಂಡ ಹಾಗೆ. ವಾರ ಕಳೆಯುವ ಹೊತ್ತಿಗೆ ಕನ್ನಡಿ ಮುಂದೆ ಎಷ್ಟು ತಿಣುಕಿದರೂ ಹುಬ್ಬು ಗಂಟಾಗಲಿಲ್ಲ. ಎಡಗಡೆಯ ಗೆರೆ ಅವರು ಹೇಳಿದ ಹಾಗೇ ಉಳಿಯಿತು, ತೆಳುವಾಗಿ. ಅಷ್ಟರಲ್ಲಿ ಇನ್ನೊಂದು ಕಂಡಿತು. ಬಲ ಹುಬ್ಬಿನ ತುದಿ ಮಾತ್ರ ಮೇಲಕ್ಕೆ ಹಾರಿತ್ತು. ನಾಟಕದ ಮಂತ್ರವಾದಿ ಥರ. ಮಗಳು ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು.

ಇದು ಅಪರೂಪವೇನಲ್ಲ. ಹಣೆಯ ನಡುಭಾಗ ಮಲಗಿ ಅಂಚು ಎಚ್ಚರವಾಗಿದ್ದರೆ ಹೀಗಾಗುತ್ತದೆ. ಎರಡು ವಾರಕ್ಕೆ ಪರಿಣಾಮ ಪೂರ್ತಿ ಕಾಣುವುದರಿಂದ ಆಗಲೇ ಬಂದು ತೋರಿಸಿ ಅಂದಿದ್ದರು. ಹೋದೆ. 2 ಯೂನಿಟ್ ಹಾಕಿ ಸರಿಮಾಡಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ರಿವ್ಯೂ, ಸಣ್ಣ ತಿದ್ದುಪಡಿ ಎರಡೂ ಮೊದಲ ಬಿಲ್ಲಿನಲ್ಲೇ ಸೇರಿತ್ತು. ನಾನು ಫೋನ್ ಮಾಡಿದ್ದ ಒಂದು ಕಡೆ ಟಚಪ್‌ಗೆ ಕನಿಷ್ಠ 3,000 ಅಂದಿದ್ದರು. ಮೊದಲ ದಿನ ಯಾರೂ ಈ ಸಾಲನ್ನು ಕೇಳುವುದಿಲ್ಲ. ಮಾಲು ಕೊಟ್ಟ ಮೇಲೆ ಸರ್ವೀಸ್ ಯಾರದು ಅಂತ ಆರ್ಡರ್‌ಗೆ ಮುಂಚೆಯೇ ಬರೆಸಿಕೊಳ್ಳುವುದು ನಮ್ಮಲ್ಲಿ ರೂಢಿ. ಹುಬ್ಬಿಗೂ ಅದು ಅನ್ವಯಿಸುತ್ತದೆ.

ಜಯನಗರದ ಕೌನ್ಸೆಲರ್ ನಡುನಡುವೆ ಫೋನ್ ಮಾಡುತ್ತಲೇ ಇದ್ದರು. ವರ್ಷದ ಪ್ಯಾಕೇಜ್ ಮುಂಗಡ ಕಟ್ಟಿದರೆ ಇಷ್ಟು ಡಿಸ್ಕೌಂಟ್, ಬೇಕಾದರೆ ಇಎಂಐ. ನೂರಕ್ಕೆ ನೂರು ಅಡ್ವಾನ್ಸ್ ಕೊಟ್ಟು ನಾನು ಯಾವತ್ತೂ ಏನನ್ನೂ ಕೊಂಡಿಲ್ಲ. ಅದೂ ಅಲ್ಲದೆ ಇವತ್ತು ಸೂಜಿ ಹಾಕಿದ ಡಾಕ್ಟರ್ ನಾಲ್ಕು ತಿಂಗಳ ಮೇಲೆ ಅಲ್ಲೇ ಇರುತ್ತಾರೆ ಅಂತ ಏನು ಖಾತ್ರಿ? ನನ್ನ ಹಣೆಗೆ 12 ಯಾಕೆ ಅಂತ ಗೊತ್ತಿರುವುದು ಮಲ್ಲೇಶ್ವರದ ಡಾಕ್ಟರ್‌ಗೆ. ಹೊಸಬರು ಬಂದರೆ ಮತ್ತೆ 20ರಿಂದ ಶುರು.

ಮೂರು ತಿಂಗಳು ದಾಟುತ್ತಿದ್ದಂತೆ ಹುಬ್ಬು ಮೆಲ್ಲಗೆ ಆಡತೊಡಗಿತು. ನಾಲ್ಕಕ್ಕೆ ಬಹುಪಾಲು ಮೊದಲಿನಂತೆ. ಎಲ್ಲರಿಗೂ ಸುಮಾರು ಹೀಗೇ, ಮೂರರಿಂದ ನಾಲ್ಕು ತಿಂಗಳು. ನಿಜವಾದ ಖರ್ಚು ಇರುವುದು ಇಲ್ಲಿ. ವರ್ಷಕ್ಕೆ ಮೂರು ಸಲ ಅಂದರೆ ನನ್ನ ಲೆಕ್ಕದಲ್ಲಿ 47,082. ಒಂದು ಸಲದ ಬಿಲ್ಲು ನೋಡಿ ಹೂಂ ಅಂದವರು ಈ ಮೊತ್ತ ಕೇಳಿ ಉಹೂಂ ಅನ್ನಬಹುದು. ಬೇಗ ಬೇಗ ಹಾಕಿಸಿಕೊಂಡರೆ ಒಳ್ಳೆಯದಾ ಅಂತ ಕೇಳಿದ್ದಕ್ಕೆ ಡಾಕ್ಟರ್ ಬೇಡ ಅಂದರು. ಮೂರು ತಿಂಗಳಾದರೂ ಅಂತರ ಇರಬೇಕು. ಪದೇಪದೇ ಹಾಕಿದರೆ ದೇಹ ಇದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ಔಷಧ ನಾಟದೇ ಹೋಗುವ ಸಾಧ್ಯತೆ ಇದೆ.

ನಾನು ವರ್ಷಕ್ಕೆ ಎರಡು ಸಲ ಅಂತ ಇಟ್ಟುಕೊಂಡೆ. ನಡುವೆ ಒಂದೆರಡು ತಿಂಗಳು ಹುಬ್ಬು ಗಂಟಾಗಲಿ, ಪರವಾಗಿಲ್ಲ. 31,388. ಆ ಖಾಲಿ ತಿಂಗಳುಗಳನ್ನು ಮಾರ್ಚ್ ಹತ್ತಿರ ಬರುವಂತೆ ಹೊಂದಿಸಿದ್ದೇನೆ, ವಾರ್ಷಿಕ ರೇಟ್ ಕಾಂಟ್ರಾಕ್ಟ್ ಮಾತಾಡುವ ಕಾಲ ಅದು. ಸಪ್ಲೈಯರ್‌ಗಳ ಮುಂದೆ ಹಳೇ ಮುಖವೇ ಇರಲಿ.

ಇಷ್ಟೆಲ್ಲ ನೋಡಿದ ಮೇಲೆ ಹೆಂಡತಿಗೂ ಒಂದು ಸಲ ತೋರಿಸೋಣ ಅನಿಸಿತಂತೆ. ಅವಳಿಗೆ ಮೂಗಿನ ಪಕ್ಕದಿಂದ ಬಾಯಿವರೆಗೆ ಇಳಿಯುವ ಗೆರೆಯ ಚಿಂತೆ. ಡಾಕ್ಟರ್ ನೋಡಿದರು, ನಗಿಸಿದರು, ಈ ಸೂಜಿ ಇದಕ್ಕಲ್ಲ ಅಂದುಬಿಟ್ಟರು. ಅಲ್ಲಿ ಸ್ನಾಯು ಮಲಗಿಸಿದರೆ ನಗುವೇ ಸೊಟ್ಟಗಾಗಬಹುದು. ಆ ಗೆರೆಗೆ ಬೇಕಿದ್ದರೆ ಚರ್ಮದ ಕೆಳಗೆ ತುಂಬುವ ಫಿಲ್ಲರ್, ಅದು ಯೂನಿಟ್ ಅಲ್ಲ, ಎಂ.ಎಲ್. ಲೆಕ್ಕ. ಅರ್ಜೆಂಟೇನಿಲ್ಲ, ಸದ್ಯಕ್ಕೆ ದಿನಾ ಸನ್‌ಸ್ಕ್ರೀನ್ ಹಚ್ಚಿ, ರಾತ್ರಿಗೆ ಒಂದು ಕ್ರೀಮ್ ಬರೆದುಕೊಡುತ್ತೇನೆ ಅಂದರು. 800 ಕೊಟ್ಟು ಹೊರಗೆ ಬಂದೆವು. ಸಂಪಿಗೆ ರಸ್ತೆಯಲ್ಲಿ ನಡೆಯುತ್ತಾ, "ಫಿಲ್ಲರ್‌ಗೆ ಎಂ.ಎಲ್. ರೇಟ್ ಎಷ್ಟಿರಬಹುದು?" ಅಂದೆ.

"ಇನ್ನೊಂದು ಸ್ಟೇಟ್‌ಮೆಂಟ್ ಶುರು ಮಾಡ್ಬೇಡಿ ಮಾರಾಯ್ರೇ" ಅಂತ ಹೇಳಿ ಮೆಡಿಕಲ್ ಸ್ಟೋರ್ ಮೆಟ್ಟಿಲು ಹತ್ತಿದಳು.